ಹೂವಿನ ಗಾಡಿಗೆ ರೇಸ್ ಪೆಟ್ರೋಲ್

"ಗುರುಗಳೇ, ನನ್ನ ಮನಸ್ಸೇ ಕೆಟ್ಟದ್ದೇ?" ಎಂದು ವನಜಾಕ್ಷಿ ಕೇಳಿದಳು.

ಮಠದಲ್ಲಿ ತಂಗಿದ್ದ ಸಂನ್ಯಾಸಿಯೊಬ್ಬರನ್ನು ನೋಡಿ ಅವಳೂ ಅವರಂತೆಯೇ ಒಪ್ಪೊತ್ತಿನ ಊಟ, ಅರ್ಧ ದಿನದ ಮೌನ ಹಿಡಿದಿದ್ದಳು. ಸಂನ್ಯಾಸಿಯ ಮುಖದಲ್ಲಿ ದಿನದಿಂದ ದಿನಕ್ಕೆ ಶಾಂತಿ ಹೆಚ್ಚುತ್ತಿತ್ತು. ಇವಳಿಗೆ ಸಿಟ್ಟು ಹೆಚ್ಚುತ್ತಿತ್ತು. ಹಿಂದಿನ ದಿನ ಹಾಲು ಚೆಲ್ಲಿದಳೆಂದು ಮಗಳ ಮೇಲೆ ಕೈಮಾಡಿದ್ದಳು. ಎಂದೂ ಹಾಗೆ ಮಾಡಿದವಳಲ್ಲ.

"ಅದೇ ವ್ರತ ಅವರನ್ನು ಮೇಲಕ್ಕೆತ್ತಿತು, ನನ್ನನ್ನು ಕೆಳಕ್ಕೆ ತಳ್ಳಿತು. ನನ್ನಲ್ಲೇ ಏನೋ ದೋಷವಿರಬೇಕು."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೂವಿನ ವ್ಯಾಪಾರಿ ಇದ್ದ. ಬೆಳಗ್ಗೆ ತೋಟಗಳಿಂದ ಹೂವು ಕೊಂಡು, ಬುಟ್ಟಿಗಳನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಗುಡ್ಡದಾಚೆಯ ಪೇಟೆಗೆ ಒಯ್ಯುವುದು ಅವನ ಕಸುಬು. ಗಾಡಿ ಹಳೆಯದು. ಆದರೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ವೇಗವಿರಲಿಲ್ಲ, ಅಷ್ಟೇ. ಹೊಸ ಗಾಡಿಯವರು ಅವನನ್ನು ದಾಟಿ ಹೋಗುವಾಗಲೆಲ್ಲ ಅವನ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

ಅವನ ಹೆಂಡತಿಯ ತಮ್ಮ ಮೋಟಾರ್ ರೇಸಿನ ಮೈದಾನದಲ್ಲಿ ಕೆಲಸಕ್ಕಿದ್ದ. ಅಕ್ಕನ ಮನೆಗೆ ಬಂದಾಗ ಅವನ ಬಳಿ ರೇಸ್ ಗಾಡಿಗಳಿಗೆ ಹಾಕುವ ಪೆಟ್ರೋಲಿನ ಒಂದು ಕ್ಯಾನ್ ಇತ್ತು. ಯಾರೋ ಗೆಳೆಯನಿಗೆಂದು ತಂದದ್ದು. ವ್ಯಾಪಾರಿ ಅದನ್ನು ತನಗೆ ಕೊಡೆಂದು ಕೇಳಿದ.

"ಬೇಡ ಭಾವ, ಇದು ನಿಮ್ಮ ಗಾಡಿಗೆ ಅಲ್ಲ" ಎಂದ ಅವನು.

ವ್ಯಾಪಾರಿಗೆ ಅವಮಾನವಾಯಿತು. ಒಳ್ಳೆಯದನ್ನು ಕುಡಿಯುವ ಯೋಗ್ಯತೆಯೂ ನನ್ನ ಗಾಡಿಗೆ ಇಲ್ಲವೇ ಎಂದುಕೊಂಡ. ಹಟ ಹಿಡಿದ. ಮನೆಯಲ್ಲಿ ಮಾತಿಗೆ ಮಾತು ಬೆಳೆಯುವುದು ಬೇಡವೆಂದು ಭಾವಮೈದುನ ಕ್ಯಾನನ್ನು ಬಿಟ್ಟು ಹೋದ.

ಅದೇ ವಾರ ಒಂದು ಮದುವೆಗೆ ಹೂವು ಒದಗಿಸುವ ಕೆಲಸ ಬಂತು. ಹೆಣ್ಣು ಗಂಡಿನ ಹಾರಗಳು, ಮುಡಿಯ ದಂಡೆ, ಎಲ್ಲವೂ ಅವನದೇ ಹೊಣೆ. ಇದೇ ತಕ್ಕ ದಿನವೆಂದು ಅವನು ಟ್ಯಾಂಕಿನಲ್ಲಿದ್ದುದನ್ನು ಪೂರ್ತಿ ಇಳಿಸಿ, ರೇಸ್ ಪೆಟ್ರೋಲ್ ತುಂಬಿದ. ಖಾಲಿ ಕ್ಯಾನನ್ನು ಹಿಂದೆ ಕಟ್ಟಿಕೊಂಡ. ಯಾವಾಗಲೂ ಒಂದೇ ಒದೆತಕ್ಕೆ ಶುರುವಾಗುತ್ತಿದ್ದ ಗಾಡಿ ಅಂದು ಬಹಳ ಒದ್ದ ಮೇಲೆ ಕೆಮ್ಮುತ್ತ ಎದ್ದಿತು. ಹೊಸತು, ಒಗ್ಗಬೇಕಲ್ಲ ಎಂದುಕೊಂಡು ಹೊರಟ. ಸಮತಟ್ಟಿನಲ್ಲಿ ಹೇಗೋ ಓಡಿತು. ಗುಡ್ಡದ ಏರಿನಲ್ಲಿ ಮುಗ್ಗರಿಸಿತು, ಕಪ್ಪು ಹೊಗೆ ಕಾರಿತು, ನಿಂತೇಬಿಟ್ಟಿತು.

ಒದ್ದ. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ಮಸಿ ಒರೆಸಿ ಮತ್ತೆ ಒದ್ದ. ಬಿಸಿಲು ಏರುತ್ತಿತ್ತು. ಬುಟ್ಟಿಗಳ ಮೇಲಿನ ಒದ್ದೆ ಬಟ್ಟೆ ಒಣಗುತ್ತಿತ್ತು. "ಇಂಥದ್ದನ್ನು ಕೊಟ್ಟರೂ ಓಡಲಾರದ ದರಿದ್ರ!" ಎಂದು ಗಾಡಿಗೆ ಒಂದೇಟು ಹಾಕಿದ. ಮರುಕ್ಷಣವೇ ಅವನಿಗೆ ಅಳು ಬಂತು. ಇಷ್ಟು ವರ್ಷ ಮನೆಯ ಅನ್ನ ಹೊತ್ತು ತಂದ ಗಾಡಿ ಅದು. ಅದರ ಎಂಜಿನ್ ತನ್ನ ಕೈಯಿಂದಲೇ ಹಾಳಾಯಿತೆಂದು ಅವನು ನಂಬಿದ. ರಸ್ತೆಯ ಬದಿಯಲ್ಲಿ ಕುಸಿದು ಕುಳಿತು ಭಾವಮೈದುನನಿಗೆ ಫೋನ್ ಮಾಡಿದ.

"ನನ್ನ ಗಾಡಿ ಸತ್ತುಹೋಯಿತು ಕಣಪ್ಪ."

"ಸತ್ತಿಲ್ಲ ಭಾವ" ಎಂದ ಅವನು. "ಆ ಪೆಟ್ರೋಲಿಗೆ ಬಲ ಜಾಸ್ತಿ ಎಂದುಕೊಂಡಿರಿ. ಅದರ ಗುಣ ಬಲವಲ್ಲ, ತಾಳಿಕೊಳ್ಳುವುದು. ರೇಸ್ ಎಂಜಿನ್ ಅದನ್ನು ಬಹಳ ಬಿಗಿಯಾಗಿ ಅದುಮುತ್ತದೆ. ಅಷ್ಟು ಅದುಮಿದರೂ ಅದು ಕಿಡಿ ಬರುವ ಮೊದಲೇ ಹೊತ್ತಿಕೊಳ್ಳುವುದಿಲ್ಲ. ನಿಮ್ಮ ಎಂಜಿನ್ ಅಷ್ಟು ಅದುಮುವುದೇ ಇಲ್ಲ, ಅದನ್ನು ಮಾಡಿರುವುದೇ ಹಾಗೆ. ಅದರೊಳಗೆ ಈ ಪೆಟ್ರೋಲ್ ಅರೆಬರೆ ಉರಿದು ಮಸಿ ಕಟ್ಟುತ್ತದೆ. ಎಲ್ಲ ಇಳಿಸಿ, ಮಾಮೂಲು ಪೆಟ್ರೋಲ್ ಹಾಕಿ ನೋಡಿ."

ಆ ದಾರಿಯಲ್ಲಿ ಬಂದ ಮೀನು ಮಾರುವವನೊಬ್ಬ ತನ್ನ ಗಾಡಿಯಿಂದ ಒಂದು ಬಾಟಲಿ ಪೆಟ್ರೋಲ್ ಇಳಿಸಿಕೊಟ್ಟ. ವ್ಯಾಪಾರಿ ಟ್ಯಾಂಕಿನಲ್ಲಿದ್ದುದನ್ನು ಕ್ಯಾನಿಗೆ ಬಸಿದ. ಪ್ಲಗ್ ಮತ್ತೆ ಒರೆಸಿ ಹಾಕಿದ. ಒದ್ದ. ಗಾಡಿ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಮತ್ತೆ ಒದ್ದ. ಶುರುವಾಯಿತು. ಹೊಗೆ ತೆಳುವಾಗುತ್ತ ಹೋಯಿತು. ಅವನು ಕಿವಿಗೊಟ್ಟು ಕೇಳಿದ. ಅದೇ ಹಳೆಯ ಸದ್ದು, ಎಲ್ಲೂ ಎಡವಟ್ಟಿಲ್ಲ. ಅವನು ಟ್ಯಾಂಕಿನ ಮೇಲೆ ಎರಡೂ ಕೈಯಿಟ್ಟು ಗಟ್ಟಿಯಾಗಿ ನಕ್ಕುಬಿಟ್ಟ. ಮೀನಿನವನಿಗೆ ಏನೂ ಅರ್ಥವಾಗದಿದ್ದರೂ ಅವನೂ ನಕ್ಕ.

ವಾಲಗದವರು ಊದಲು ಶುರುಮಾಡುವ ಹೊತ್ತಿಗೆ ಹಾರಗಳು ಛತ್ರ ಸೇರಿದ್ದವು. ಅಂಚಿನ ಹೂವು ಸ್ವಲ್ಪ ಬಾಡಿತ್ತು. ಯಾರೂ ನೋಡಲಿಲ್ಲ.

ಕತೆ ಅಲ್ಲಿಗೆ ನಿಂತಿತು. ವನಜಾಕ್ಷಿ ಕೇಳಿದಳು, "ಹಾಗಾದರೆ ಆ ಪೆಟ್ರೋಲೇ ಕೆಟ್ಟದ್ದೇ ಗುರುಗಳೇ?"

ಗುರುಗಳು ಹೇಳಿದರು, "ಪೆಟ್ರೋಲೂ ಒಳ್ಳೆಯದೇ, ಗಾಡಿಯೂ ಒಳ್ಳೆಯದೇ. ಹೋಗು ತಾಯಿ, ಮಗಳ ಜೊತೆ ಕುಳಿತು ಊಟ ಮಾಡು."

ವನಜಾಕ್ಷಿ ಎದ್ದು ಮನೆಯ ಕಡೆ ನಡೆದಳು.