ಸಿಂಗ ವೀಣೆಗೆ ಅಂಚು ಕಟ್ಟಿದ್ದು

ವೀಣೆ ಮಾಡುವವರ ಬೀದಿಯಲ್ಲಿ ದ್ಯಾವಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಸಿಂಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಕೆಟ್ಟವನಲ್ಲ. ಅವ್ವನ ಮಾತು ಮೀರುವವನೂ ಅಲ್ಲ. ತೊಂದರೆಯೇ ಅದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

ಅವಳ ಗಂಡ ತೀರಿಕೊಂಡಾಗ ಒಂದು ವೀಣೆ ಅರ್ಧಕ್ಕೆ ನಿಂತಿತ್ತು. ಹಲಸಿನ ಮರದ ಕೊಡ ಕೊರೆದಾಗಿತ್ತು, ಅದಕ್ಕೆ ಉದ್ದನೆಯ ದಂಡಿ ಕೂರಿಸಿ ಆಗಿತ್ತು. ದಂಡಿಯ ಎರಡೂ ಅಂಚಿಗೆ ಕೊಂಬಿನ ಪಟ್ಟಿ ಅಂಟಿಸಿ ಅಂದ ಮಾಡುವುದೊಂದು ಉಳಿದಿತ್ತು. ಅಂಚು ಕಟ್ಟೋದು ಅಂತಾರೆ ಅದಕ್ಕೆ. ದ್ಯಾವಮ್ಮನಿಗೆ ಆ ಕೆಲಸ ಗೊತ್ತು, ಆದರೆ ಕೈ ನಡುಗುತ್ತಿತ್ತು. ವೀಣೆಯ ಧೂಳು ಒರೆಸುವಾಗೆಲ್ಲ ಮಗನ ಮುಖ ನೋಡುವಳು. ನಾನು ಹೋದಮೇಲೆ ಇವನು ಯಾರ ಬಾಗಿಲಲ್ಲಿ ನಿಲ್ಲುತ್ತಾನೋ, ಈ ಒಂದು ಕೆಲಸ ಕೈಗೆ ಹತ್ತಿದರೆ ಸಾಕು ಅಂದುಕೊಳ್ಳುವಳು.

ಕಡೆಗೊಂದು ದಿನ ಧೈರ್ಯ ಮಾಡಿದಳು.

“ಸಿಂಗಾ, ಬಾಚಣಿಗೆ ಮಾಡೋರ ಹತ್ರ ಹೋಗು. ಕೊಂಬಿನ ಪಟ್ಟಿ ಕೊಡ್ತಾರೆ. ಸೊಂಟಕ್ಕೆ ಸಿಕ್ಕಿಸ್ಕೊಂಡು ಬಾ.”

ಹೋದ. ಪಟ್ಟಿಗಳು ಮೊಳದುದ್ದ ಇದ್ದವು. ಸೊಂಟಕ್ಕೆ ಸುತ್ತ ಬಗ್ಗಿಸಿ ಉಡಿದಾರದ ಹಾಗೆ ಸಿಕ್ಕಿಸಿಕೊಳ್ಳಲು ನೋಡಿದ. ಪಟ್, ಪಟ್! ಚೂರುಗಳನ್ನು ಬೊಗಸೆಯಲ್ಲಿ ಹಿಡಿದು ಬಂದ.

“ಅಯ್ಯೋ ಪೆದ್ದೇ! ಅದನ್ನ ಒದ್ದೆ ಬಟ್ಟೇಲಿ ಸುತ್ತಿ, ದಾರೀಲಿ ನೀರು ಚಿಮುಕಿಸ್ತಾ ತರಬೇಕು ಕಣೋ!”

“ಹಂಗೇ ಆಗಲವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!”

ಪಟ್ಟಿ ತರಲು ದ್ಯಾವಮ್ಮ ತಾನೇ ಹೋಗಿ ಬಂದಳು. ಮಾರನೇ ದಿನ ಮಗನನ್ನು ಸರೇಸಿಗೆ ಕಳಿಸಿದಳು. ತೊಗಲು ಕಾಯಿಸಿ ಮಾಡಿ ಬಿಲ್ಲೆಯಾಗಿ ಒಣಗಿಸಿದ ಅಂಟು, ಅದೇ ಸರೇಸು. ಸಿಂಗ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದ. ಬಾವಿ ಕಂಡಲ್ಲೆಲ್ಲ ನಿಂತು ನೀರು ಚಿಮುಕಿಸಿದ. ಮನೆ ಮುಟ್ಟುವ ಹೊತ್ತಿಗೆ ಬಿಲ್ಲೆ ಲೋಳೆಯಾಗಿ ಮೊಣಕೈವರೆಗೂ ಇಳಿದಿತ್ತು. ಹಿಂದೆ ನೊಣ, ನೊಣದ ಹಿಂದೆ ಬೀದಿ ನಾಯಿಗಳು.

“ನಿನ್ನ ಬುದ್ಧಿಗೆ ಏನು ಹೇಳಲಿ! ಒಣಗಿದ್ದನ್ನ ಒಣ ಬಟ್ಟೇಲಿ ಹಾಕಿ, ಬಿಗಿಯಾಗಿ ಗಂಟು ಕಟ್ಟಿ, ತಲೆ ಮೇಲೆ ಹೊತ್ಕೊಂಡು ಬರಬೇಕು!”

“ಹಂಗೇ ಆಗಲವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!”

ದ್ಯಾವಮ್ಮ ಆ ರಾತ್ರಿ ಉಣ್ಣಲಿಲ್ಲ. ಬೀದಿಯ ಕೊನೆಯಲ್ಲಿ ಮೈದುನ ಮಾಯಾಚಾರಿಯ ವೀಣೆ ಕಾರ್ಖಾನೆ ಇತ್ತು. ಅವನನ್ನೇ ಕೇಳಿ ನೋಡೋಣ ಅಂತ ಬೆಳಗ್ಗೆ ಮಗನಿಗೆ ಹೇಳಿದಳು, “ಹೋಗಿ ಚಿಕ್ಕಪ್ಪನ್ನ ಕರಕೊಂಡು ಬಾ.”

ಮಾಯಾಚಾರಿ ಸಣಕಲು ಮನುಷ್ಯ. ವಯಸ್ಸಾಗಿ ಇನ್ನೂ ಒಣಗಿದ್ದ. ಸಿಂಗ ಅವನನ್ನು ಮೇಲಿಂದ ಕೆಳಗೆ ನೋಡಿದ. ಒಣಗಿದೆ! ಚಾದರ ಹಾಸಿದ, ಚಿಕ್ಕಪ್ಪನನ್ನು ಎತ್ತಿ ಮಧ್ಯಕ್ಕಿಟ್ಟ, ನಾಲ್ಕು ಮೂಲೆ ಸೇರಿಸಿ ಬಿಗಿಯಾಗಿ ಗಂಟು ಕಟ್ಟಿದ. ತಲೆ ಮೇಲೆ ಹೊತ್ತು ಹೊರಟೇಬಿಟ್ಟ. “ಇಳಿಸೋ! ಇಳಿಸೋ ಲೇ!” ಅಂತ ಗಂಟು ಬೀದಿಯುದ್ದಕ್ಕೂ ಕೂಗಿತು.

ಗಂಟು ಬಿಚ್ಚುವಾಗ ದ್ಯಾವಮ್ಮನ ಕಣ್ಣಲ್ಲಿ ನೀರು.

“ದೊಡ್ಡೋರನ್ನ ಗಂಟು ಕಟ್ತಾರೇನೋ ಪಾಪಿ! ಕಟ್ಟಬಾರದು! ಮೆಲ್ಲಗೆ ಕೈಯಲ್ಲಿ ಹಿಡ್ಕೊಂಡು, ಮನೆ ಮುಟ್ಟೋವರೆಗೂ ಬಿಡದೆ ಕರಕೊಂಡು ಬರಬೇಕು!”

“ಹಂಗೇ ಆಗಲವ್ವಾ!”

ಮಾಯಾಚಾರಿ ಪಂಚೆ ಸರಿಮಾಡಿಕೊಂಡು ಎದ್ದು ನಿಂತ. ದ್ಯಾವಮ್ಮ ಸೆರಗು ಕೈಯಲ್ಲಿ ಹಿಡಿದು ಕೇಳಿದಳು.

“ಮಾಯಣ್ಣಾ, ಇವನನ್ನ ನಿನ್ನ ಕಾರ್ಖಾನೆಗೆ ಸೇರಿಸ್ಕೊ. ನಾನು ಇನ್ನೆಷ್ಟು ದಿನ ಇರ್ತೀನಿ?”

“ಗಂಟು ಕಟ್ಟೋಕೆ ಬರುತ್ತೆ, ನೋಡಿದೆ. ಅಂಚು ಕಟ್ಟೋಕೆ ಬರುತ್ತಾ ಅತ್ತಿಗೆ?” ಅಂದ ಮಾಯಾಚಾರಿ. ಗೋಡೆಗೊರಗಿದ್ದ ಅಣ್ಣನ ವೀಣೆ ಕಣ್ಣಿಗೆ ಬಿತ್ತು. ದನಿ ಸ್ವಲ್ಪ ಇಳಿಯಿತು. “ಇದಕ್ಕೆ ಕಟ್ಟಲಿ. ನಾಡಿದ್ದು ಬಂದು ನೋಡ್ತೀನಿ. ಗಟ್ಟಿ ನಿಂತಿದ್ದರೆ ಸೇರಿಸ್ಕೋತೀನಿ.”

ಮಾರನೇ ಬೆಳಗ್ಗೆ ತಾಯಿ ತಾನೇ ಬೇರೆ ಸರೇಸು ತಂದು ಕಾಯಿಸಿ ಕೊಟ್ಟಳು. ಎದುರಿಗೆ ಕೂತು ಹೇಳಿದಳು, ಮಗ ಸವರಿದ. ತೆಳ್ಳಗೆ ಅಂದರೆ ತೆಳ್ಳಗೆ, ತುದಿಯಿಂದ ಅಂದರೆ ತುದಿಯಿಂದ. ಪಟ್ಟಿ ಕೂರಿಸಿದ. ಗೆರೆ ಎಳೆದ ಹಾಗೆ ಕೂತಿತು. ದ್ಯಾವಮ್ಮನಿಗೆ ನಂಬಲಾಗಲಿಲ್ಲ.

“ಈಗ ಒಣಗೋವರೆಗೂ ನೂಲು ಸುತ್ತಿ ಕಟ್ಟಿಡು” ಅಂತ ಹೇಳಿ ಬಟ್ಟೆ ಒಗೆಯಲು ಕೆರೆಗೆ ಹೋದಳು.

ಸಿಂಗ ನೂಲುಂಡೆ ಕೈಗೆತ್ತಿಕೊಂಡ. ಆಮೇಲೆ ನೆನಪಾಯಿತು. ಇದು ಅಪ್ಪನ ವೀಣೆ. ಅಪ್ಪ ದೊಡ್ಡೋರು. ದೊಡ್ಡೋರನ್ನ ಕಟ್ಟಬಾರದು, ಕೈಯಲ್ಲಿ ಹಿಡೀಬೇಕು, ಬಿಡಬಾರದು! ನೂಲುಂಡೆ ಕೆಳಗಿಟ್ಟ. ದಂಡಿಯ ಆಚೆ ಒಂದು ತೋಳು, ಈಚೆ ಒಂದು ತೋಳು ಒತ್ತಿ ಅವುಚಿ ಹಿಡಿದು ಕೂತ. ತಾಯಿ ಬಂದಾಗ ಹೊತ್ತು ಇಳಿದಿತ್ತು. ಅವನು ಕೂತಲ್ಲೇ ಕೂತಿದ್ದ.

“ಏಳೋ, ಊಟ ಮಾಡು.”

“ಏಳೋಕಾಗ್ತಿಲ್ಲವ್ವಾ.”

ಒಸರಿದ ಸರೇಸು ಒಣಗಿ ತೋಳು, ಬೆರಳು ಎಲ್ಲಾ ದಂಡಿಗೇ ಅಂಟಿಕೊಂಡಿದ್ದವು. ಎಳೆದುಕೊಂಡರೆ ಚರ್ಮ ಕಿತ್ತು ಬರುವ ಹಾಗಿತ್ತು. ದ್ಯಾವಮ್ಮ ಬಿಸಿನೀರಿಗೆ ಬಟ್ಟೆ ಅದ್ದಿ, ಪಟ್ಟಿಗೆ ತಾಗದಂತೆ, ಒಂದೊಂದೇ ಬೆರಳು ಬಿಡಿಸಿದಳು. ತೋಳೆಲ್ಲ ಕೆಂಪಗೆ ಕಂದಿತ್ತು. ಬೈಯುತ್ತಾ ಎಣ್ಣೆ ಹಚ್ಚಿದಳು.

“ಅಂಟಿದ್ದು ಬಿಡೋದೇ ಇಲ್ಲ ಅಂದ್ರೆ ಎಳೀಬಾರದು ಕಣೋ. ಬಿಸಿನೀರು ಹಾಕಬೇಕು!”

“ಹಂಗೇ ಆಗಲವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!”

ಹೇಳಿದ ದಿನಕ್ಕೆ ಮಾಯಾಚಾರಿ ಬಂದ. ವೀಣೆ ತೊಡೆ ಮೇಲಿಟ್ಟುಕೊಂಡ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಎಲ್ಲೂ ತಡೆಯಲಿಲ್ಲ. ಉಗುರು ತೂರಿಸಿ ಎಬ್ಬಿಸಲು ನೋಡಿದ. ಉಗುರು ಹೋಗಲಿಲ್ಲ. ದ್ಯಾವಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅತ್ತಿಗೆ! ಏನು ಅಂಟಿದೆ ಇದು! ಏನು ಮಾಡಿದರೂ ಬಿಡೋದೇ ಇಲ್ಲ!”

ಸಿಂಗನ ಕಿವಿಗೆ ಬಿತ್ತು. ಬಿಡೋದೇ ಇಲ್ಲವಾ? ಪಾಪ, ಚಿಕ್ಕಪ್ಪ! ಒಲೆ ಮೇಲೆ ಸ್ನಾನದ ನೀರು ಕಾಯುತ್ತಿತ್ತು. ಚೆಂಬು ಅದ್ದಿಕೊಂಡು ಓಡಿ ಬಂದು ದಂಡಿಯ ಉದ್ದಕ್ಕೂ ಸುರಿದ. ಮತ್ತೊಂದು ಚೆಂಬು ತಂದ. ತಾಯಿ ಕೈ ಹಿಡಿಯುವಷ್ಟರಲ್ಲಿ ಅದೂ ಖಾಲಿ. ಪಟ್ಟಿ ಒಂದು ಕಡೆಯಿಂದ ಎದ್ದಿತು, ಸುರುಳಿಯಾಯಿತು, ನೆಲಕ್ಕೆ ಬಿತ್ತು.

“ಬಿಡ್ತು ಚಿಕ್ಕಪ್ಪಾ!” ಅಂದ ಸಿಂಗ.

ದ್ಯಾವಮ್ಮ ಬಾಗಿಲಿಗೆ ಒರಗಿ ಕುಸಿದು ಕೂತಳು. ಬೈದು ಏನು ಹೇಳಿದರೂ ನಾಳೆ ಅದೇ ಇನ್ನೊಂದು ಅನಾಹುತ.

ಮಾಯಾಚಾರಿ ಸುಟ್ಟ ತೊಡೆ ಒರೆಸಿಕೊಂಡ. ಪಟ್ಟಿ ಎತ್ತಿ ತಿರುಗಿಸಿ ನೋಡಿದ. ಸರೇಸು ತುದಿಯಿಂದ ತುದಿಗೆ ಒಂದೇ ಸಮ ಹತ್ತಿದ ಗುರುತಿತ್ತು.

“ನೂಲು ಸುತ್ತಿದ ಗುರುತೇ ಇಲ್ಲವಲ್ಲ?”

“ಕೈಯಲ್ಲೇ ಹಿಡ್ಕೊಂಡು ಕೂತಿದ್ದ ಮಾಯಣ್ಣ. ಒಣಗೋವರೆಗೂ.”

ಮಾಯಾಚಾರಿ ಸಿಂಗನ ಕಂದಿದ ತೋಳು ನೋಡಿದ.

“ನನ್ನ ಹತ್ರ ಕೆಲಸಕ್ಕಿರೋರು ಒಬ್ಬರೂ ಹೀಗೆ ಒಂದು ಗಳಿಗೆ ಹಿಡಿಯಲ್ಲ ಅತ್ತಿಗೆ. ಇದಕ್ಕೆ ಕಾರ್ಖಾನೇಲೇ ಕೂತು ಮತ್ತೆ ಅಂಚು ಕಟ್ತೀವಿ. ನಾಳೆಯಿಂದ ಬರಲಿ.” ಹೊಸಲು ದಾಟಿ ತಿರುಗಿ ಬೆರಳೆತ್ತಿ ಹೇಳಿದ, “ಆದರೆ ಲೇ ಸಿಂಗಾ, ನಾನು ಹೇಳೋವರೆಗೂ ನೀರು ಮುಟ್ಟಬೇಡ!”

“ಹಂಗೇ ಆಗಲಿ ಚಿಕ್ಕಪ್ಪಾ!”

ಬೆಳಗ್ಗೆ ಸಿಂಗ ಮುಖ ತೊಳೆಯಲಿಲ್ಲ. ತಾಯಿ ಕೊಟ್ಟ ನೀರು ಕುಡಿಯಲಿಲ್ಲ. ಕಾರ್ಖಾನೆಗೆ ಹೋಗಿ ಮರದ ಹೊಟ್ಟಿನ ನಡುವೆ ಕೂತ. ಮಧ್ಯಾಹ್ನ ಬಿಸಿಲೇರಿತು, ತುಟಿ ಒಣಗಿ ಬಿಳಿಚಿತು. ನೀರಿನ ಮಡಕೆ ಪಕ್ಕದಲ್ಲೇ ಇತ್ತು. ಅವನು ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಮಡಕೆಯನ್ನೇ ನೋಡುತ್ತಾ ಕೂತಿದ್ದ.

ಮಗನಿಗೆ ಬುತ್ತಿ ತಂದ ದ್ಯಾವಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಮಾಯಾಚಾರಿ ಉಳಿ ಕೆಳಗಿಟ್ಟು, “ಬಾಯಿ ತೆಗಿಯೋ ಪೆದ್ದೇ” ಅಂತ ಬೈಯುತ್ತಾ, ಚೆಂಬು ಎತ್ತಿ ಹಿಡಿದು ಸಿಂಗನ ಬಾಯಿಗೆ ನೀರು ಹುಯ್ಯುತ್ತಿದ್ದ.