ಪುಟ್ಟಿಬಾಯಿಯ ದೂರು

ದಾವಣಗೆರೆಯ ದರ್ಜಿ ರುದ್ರಾಂಬೆಯ ತಂಗಿ ಯಾವುದೋ ಜಾಲತಾಣದಿಂದ ಮಂಡಿನೋವಿನ ಎಣ್ಣೆ ತರಿಸಿ ಹಚ್ಚಿಕೊಂಡಳು. ಕಾಲೆಲ್ಲ ಬೊಬ್ಬೆ ಎದ್ದಿತು.

ರುದ್ರಾಂಬೆ ಆ ತಾಣಕ್ಕೆ ಡೊಮೇನ್, ಅಂದರೆ ಅಂತರ್ಜಾಲದ ಹೆಸರು, ಮಾರಿದ ಕಂಪನಿಯನ್ನು ಹುಡುಕಿ ಫೋನ್ ಮಾಡಿದಳು. ಮ್ಯಾನೇಜರ್ ಪದ್ಮರಾಜ ಗತ್ತಿನಿಂದ ಹೇಳಿದ: "ನಾವು ಹೆಸರು ಮಾರುವವರು ಮೇಡಂ, ಎಣ್ಣೆ ಮಾರುವವರಲ್ಲ. ಬೇಕಾದರೆ ದೂರು ಬರೆದು ಕಳಿಸಿ. ಗುಟ್ಟಾಗಿಡುತ್ತೇವೆ."

ಅವಳು ಬರೆದಳು. ಮಾರನೇ ದಿನದಿಂದ ಎಣ್ಣೆಯವರ ಜಾಹೀರಾತು ಅವಳ ಇಮೇಲಿಗೇ ಸುರಿಯತೊಡಗಿತು. ತಾಣ ಮಾತ್ರ ಹಾಗೇ ಇತ್ತು.

ರುದ್ರಾಂಬೆಗೆ ಅನುಮಾನ ಬಂತು. ಹೊಸದೊಂದು ಇಮೇಲ್ ತೆರೆದು, ಪುಟ್ಟಿಬಾಯಿ ಎಂಬ ಹೆಸರಿನಲ್ಲಿ ಇನ್ನೊಂದು ದೂರು ಕಳಿಸಿದಳು. ಆ ವಿಳಾಸವನ್ನು ಬೇರೆ ಯಾರಿಗೂ ಕೊಡಲಿಲ್ಲ.

ಬೆಳಗಾಗುವುದರಲ್ಲಿ ಉತ್ತರ ಬಂದಿತ್ತು, ಆದರೆ ಎಣ್ಣೆಯವರಿಂದ: "ಪ್ರಿಯ ಪುಟ್ಟಿಬಾಯಿಯವರೇ, ನಿಮ್ಮ ಮಂಡಿಗೆ ವಿಶೇಷ ರಿಯಾಯಿತಿ!"

ರುದ್ರಾಂಬೆ ಮತ್ತೆ ಫೋನ್ ಹಚ್ಚಿದಳು. "ಸಾರ್, ಪುಟ್ಟಿಬಾಯಿ ನಮ್ಮನೆ ಬೆಕ್ಕು."

"ಬೆಕ್ಕಾ?" ಎಂದ ಪದ್ಮರಾಜ.

"ಅದರ ಹೆಸರಲ್ಲಿ ದೂರು ಕೊಟ್ಟಿದ್ದು ನಿಮಗೊಬ್ಬರಿಗೇ. ಎಣ್ಣೆಯವರಿಗೆ ನೀವು ಹೇಳಿದಿರೋ, ಬೆಕ್ಕೇ ಹೋಗಿ ಹೇಳಿತೋ?"

"ಅದು... ದೂರನ್ನು ತಾಣದವರಿಗೇ ಕಳಿಸಿಬಿಡೋದು ನಮ್ಮಲ್ಲಿ ರೂಢಿ, ಮೇಡಂ..."

"ಹಾಗಾದರೆ ಇದನ್ನು ಸೈಬರ್ ಪೊಲೀಸರಿಗೆ ಕಳಿಸಿಬಿಡೋದು ನಮ್ಮಲ್ಲಿ ರೂಢಿ."

ಮಧ್ಯಾಹ್ನ ಪದ್ಮರಾಜನೇ ಫೋನ್ ಮಾಡಿದ. "ತಾಣ ಮುಚ್ಚಿಸಿದ್ದೀವಿ ಮೇಡಂ."

ರುದ್ರಾಂಬೆ ನಂಬಲಿಲ್ಲ. "ಲೈನಲ್ಲೇ ಇರಿ" ಎಂದು ತಾನೇ ತೆರೆದು ನೋಡಿದಳು. ತಾಣ ನಿಜವಾಗಿಯೂ ಇರಲಿಲ್ಲ.

"ಸರಿ ಸಾರ್, ಇಡ್ತೀನಿ."

"ಒಂದು ನಿಮಿಷ ಮೇಡಂ," ಪದ್ಮರಾಜ ದನಿ ತಗ್ಗಿಸಿದ, "ಪುಟ್ಟಿಬಾಯಿಯವರಿಗೂ ಸಮಾಧಾನ ಆಯ್ತಾ?"