ಫಕೀರವ್ವನ ಕೋಳಿಬುಟ್ಟಿ

ಹೊಳೆದಂಡೆಯ ಗುಡಿಸಲಿನಲ್ಲಿ ಶಂಕ್ರವ್ವ ಎಂಬ ಮುದುಕಿ ಇದ್ದಳು. ಸುತ್ತಲಿನ ಹಳ್ಳಿಗಳ ಕೋಳಿಗಳಿಗೆಲ್ಲ ಅವಳದೇ ಮದ್ದು. ಅವಳ ಶಿಷ್ಯ ದುರ್ಗಪ್ಪ. ನಾಲ್ಕು ವರ್ಷಕ್ಕೇ ಎಲ್ಲ ಕಲಿತು ಮುಗಿಯಿತೆಂದು ಅವನಿಗೆ ಅನ್ನಿಸಿಬಿಟ್ಟಿತ್ತು.

ಒಂದು ಬೆಳಿಗ್ಗೆ ಪಕ್ಕದ ಹಳ್ಳಿಯಲ್ಲಿ ಕೋಳಿ ಸಾಕುವ ಫಕೀರವ್ವ ಬಂದು ಖಾಲಿ ಕೋಳಿಬುಟ್ಟಿಯನ್ನು ಅವನ ಮುಂದೆ ಕುಕ್ಕಿದಳು.

"ರೋಗದ ಬುಟ್ಟಿ ಒಂದೊಪ್ಪತ್ತು ಬಿಸಿಲಾಗ ಇಟ್ರ ಸಾಕು ಅಂದಿ ತಮ್ಮಾ. ಇಟ್ಟೆ. ಹೊಸಾ ಕೋಳಿ ಬಿಟ್ಟೆ. ಎಂಟೂ ಸತ್ವು. ಸಂತ್ಯಾಗ ಇನ್ನೊಂದು ನಾಕು ತರ್ತೀನಿ. ಅವೂ ಸತ್ರ ನಾ ಕೋಳಿ ಸಾಕೋದೇ ಬಿಟ್ಟೆ."

ಅವಳು ಹೋದಳು. ದುರ್ಗಪ್ಪ ಹಣೆ ಚಚ್ಚಿಕೊಂಡ.

"ಅವ್ವಾರ, ಹೋದ ವರ್ಷ ಇಷ್ಟೇ ಬಿಸಿಲಿಗೆ ರೋಗ ಹೋಗಿತ್ತಲ್ರಿ. ಈಗೂ ಅದೇ ಕೆಮ್ಮು, ಅದೇ ಗೊರಗೊರ. ಯಾಕ ಹೋಗಲಿಲ್ಲ?"

"ಈ ರೋಗದ ಎಲ್ಲಾ ತಳೀನೂ ಒಂದೇ ಕೆಮ್ಮು ಕೆಮ್ಮಸ್ತಾವ. ಆದ್ರ ಎಲ್ಲಾ ಒಂದೇ ಬಿಸಿಲಿಗೆ ಸಾಯಂಗಿಲ್ಲ. ಈ ಸಲ ಬಂದದ್ದು ಗಟ್ಟಿ ತಳಿ."

"ಹಂಗಾರ ಇದಕ್ಕ ಎಷ್ಟು ದಿನ ಬಿಸಿಲು ಬೇಕು? ಅದನ್ನ ಹೇಳ್ರಿ."

"ನನಗ ಗೊತ್ತಿದ್ರ ಹೇಳ್ತಿದ್ದಿಲ್ಲೇನು?"

"ಮತ್ತ ತಿಳಿಯೋದು ಹೆಂಗ?"

"ಚುಕ್ಕಿನ್ನ ಬುಟ್ಟ್ಯಾಗ ಬಿಡು. ತಿಳಿತೈತಿ."

ಚುಕ್ಕಿ ದುರ್ಗಪ್ಪ ಮರಿಯಿಂದ ಸಾಕಿದ ಹೇಂಟೆ. ಅವನ ಕಂಬಳಿಯ ಮೇಲೇ ಮಲಗುತ್ತಿತ್ತು.

ದುರ್ಗಪ್ಪನಿಗೆ ಮೈಯೆಲ್ಲ ಉರಿಯಿತು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟರೆ ಈ ಮುದುಕಿಯ ಗಂಟೇನು ಹೋಗುತ್ತದೆ? ಬುಟ್ಟಿಯನ್ನು ಹೊರಗೆ ಬಿಸಿಲಿನ ಬಂಡೆಯ ಮೇಲೆ ಎಸೆದ.

ಸಂಜೆ ಚುಕ್ಕಿಯನ್ನು ಎತ್ತಿಕೊಂಡು ಬಂಡೆಯ ಹತ್ತಿರ ಹೋದ. ಇನ್ನೊಂದು ದಿನ ಒಣಗಲಿ ಎಂದು ಹಿಂದಿರುಗಿದ.

ಮರುಸಂಜೆಯೂ ಹೋದ. ಹಾಗೇ ಹಿಂದಿರುಗಿದ.

"ಇವತ್ತೂ ಬಿಡಲಿಲ್ಲೇನು?" ಎಂದಳು ಶಂಕ್ರವ್ವ.

"ಬಿಡ್ತೀನಿ ಬಿಡ್ರಿ. ಅದಕ್ಯಾಕ ಅವಸರ," ಎಂದು ಸಿಡುಕಿದ.

ಮೂರನೆಯ ಸಂಜೆ ಅವನು ಚುಕ್ಕಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಂಡೆಯ ಬಳಿ ನಿಂತಿದ್ದಾಗಲೇ ಫಕೀರವ್ವ ಬಂದಳು. ಕೈಯಲ್ಲಿ ಕಾಲು ಕಟ್ಟಿದ ನಾಲ್ಕು ಕೋಳಿಗಳಿದ್ದವು.

"ಬುಟ್ಟಿ ಆತೇನು ತಮ್ಮಾ? ಇವನ್ನ ಬಿಡ್ಲೇನು?"

ಮೂರು ದಿನದಿಂದ ಈ ಬುಟ್ಟಿಯ ಕಾಟ ಅವನಿಗೆ ಸಾಕುಸಾಕಾಗಿತ್ತು.

"ಆತು ತಗೋ. ಮೂರು ದಿನ ಬಿಸಿಲುಂಡೈತಿ, ಇನ್ನೇನಾಗ್ತೈತಿ? ಬಿಡು."

ಫಕೀರವ್ವ ಕೂತು ಮೊದಲ ಕೋಳಿಯ ಕಾಲಿನ ಕಟ್ಟು ಬಿಚ್ಚತೊಡಗಿದಳು. ಶಂಕ್ರವ್ವ ಗುಡಿಸಲಿನಿಂದ ಎದ್ದು ಬಂದು ಅವಳ ಕೈ ಹಿಡಿದಳು. ಆಮೇಲೆ ಶಿಷ್ಯನ ಕಡೆ ತಿರುಗಿದಳು.

"ಮೊದಲು ಕಂಕುಳಾಗಿಂದು ಬಿಡು."